ಅಷ್ಟಭೋಗ ತೇಜಸ್ವಾಮ್ಯ

ಕೊಪ್ಪ ತಾಲ್ಲೂಕಿನ ನಮ್ಮ ಮೇಗುಂದ ಹೋಬಳಿಯಲ್ಲಿ ಅಡಿಕೆ ತೋಟವಿರುವ ಹಳೆಯ ಮನೆಗಳೆಂದರೆ ಒಂದು ಕಾಗದದ ಕಟ್ಟು ಇದ್ದೇ ಇರುತ್ತದೆ. ಕೆಲವರು ಅದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಕೆಲವರು ದೇವರ ಗೂಡಿನ ಹಿಂದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದಾರೆ. ಬಿಚ್ಚಿ ನೋಡಿದರೆ ಕಂದಾಯದ ರಶೀತಿ, ಗೇಣಿ ಚೀಟಿ, ಭೋಗ್ಯಪತ್ರ, ಪಾಲುಪಟ್ಟಿ, ಕ್ರಯಪತ್ರ ಎಲ್ಲವೂ ಸಿಗುತ್ತವೆ. ಈ ಕ್ರಯಪತ್ರಗಳಲ್ಲಿ ಚೆಕ್ಕುಬಂದಿಯನ್ನು ಹೇಳಿ ಮುಗಿಸಿದ ಮೇಲೆ, ಮಂತ್ರದಂತೆ ಒಂದು ಸಾಲು ಬರುತ್ತದೆ: ‘ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯಂಗಳೆಂಬ ಅಷ್ಟಭೋಗ ತೇಜಸ್ವಾಮ್ಯ ಸಹಿತ.’

ಬರೆದ ಪತ್ರಬರಹಗಾರರಿಗೆ ಇದು ಬಾಯಿಪಾಠ. ಬರೆಸಿಕೊಂಡವರಿಗೆ ಇದು ಪತ್ರದ ಗಾಂಭೀರ್ಯಕ್ಕೆ ಬೇಕಾದ ಒಂದು ಅಲಂಕಾರ. ಮನೆಯ ಹೆಂಗಸರಿಗಂತೂ ಆ ಕಟ್ಟನ್ನು ಮುಟ್ಟುವ ಪ್ರಸಂಗವೇ ಬರುತ್ತಿರಲಿಲ್ಲ, ವರ್ಷಕ್ಕೊಮ್ಮೆ ಗೆದ್ದಲು ಹಿಡಿದಿದೆಯೇ ಎಂದು ನೋಡಿ ಬಿಸಿಲಿಗೆ ಹಾಕುವುದನ್ನು ಬಿಟ್ಟರೆ. ಆದರೆ ಈ ಸಾಲು ಅಲಂಕಾರವಲ್ಲ. ಒಂದು ತುಂಡು ನೆಲವನ್ನು ‘ನನ್ನದು’ ಎನ್ನುವಾಗ ಏನೇನು ನನ್ನದಾಗುತ್ತದೆ ಎಂಬುದರ ಲೆಕ್ಕ ಅದು. ನೂರಾರು ವರ್ಷ ಕನ್ನಡನಾಡಿನ ಆಸ್ತಿ ವ್ಯವಹಾರವೆಲ್ಲ ಆ ಲೆಕ್ಕದ ಮೇಲೆ ನಡೆದಿದೆ.

ಎಂಟು ಪದಗಳನ್ನು ಒಂದೊಂದಾಗಿ ನೋಡೋಣ. ‘ನಿಧಿ’ ಎಂದರೆ ಹಿಂದೆ ಯಾರೋ ನೆಲದಲ್ಲಿ ಹೂತಿಟ್ಟ ಧನ. ‘ನಿಕ್ಷೇಪ’ವೆಂದರೆ ಇರಿಸಿದ್ದು, ಠೇವಣಿಯಾಗಿ ಇಟ್ಟದ್ದು. ‘ಜಲ’ವೆಂದರೆ ಆ ನೆಲದ ಬಾವಿ, ಕೆರೆ, ಒರತೆ. ಮಲೆನಾಡಿನಲ್ಲಿ ಇದರ ಬೆಲೆ ಎಷ್ಟೆಂದು ತೋಟದವರಿಗೆ ಗೊತ್ತು. ಗುಡ್ಡದ ಮೇಲಿನ ಅಬ್ಬಿಯಿಂದ ದಂಬೆಯಲ್ಲಿ ಹರಿದು ಬರುವ ನೀರು ಯಾರ ತೋಟಕ್ಕೆ ಮೊದಲು, ಯಾರ ಅಂಗಳಕ್ಕೆ ಆಮೇಲೆ ಎಂಬ ಜಗಳದಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳಿವೆ. ‘ಪಾಷಾಣ’ವೆಂದರೆ ಕಲ್ಲು: ಮನೆಯ ಪಂಚಾಂಗಕ್ಕೆ, ತೋಟದ ಪಾಗಾರಕ್ಕೆ ಬೇಕಾದದ್ದು. ‘ಅಕ್ಷೀಣಿ’ ಎಂದರೆ ಕ್ಷಯಿಸದೆ ನಡೆದು ಬರುವ ಹುಟ್ಟುವಳಿ. ‘ಆಗಾಮಿ’ ಎಂದರೆ ಮುಂದೆ ಬರಲಿರುವುದು. ‘ಸಿದ್ಧ’ವೆಂದರೆ ಈಗಾಗಲೇ ಸಾಗುವಳಿಯಾಗಿ ಕೈಗೆ ಬಂದಿರುವುದು. ‘ಸಾಧ್ಯ’ವೆಂದರೆ ಇನ್ನೂ ಆಗಿಲ್ಲ, ಆದರೆ ದುಡಿದರೆ ಆಗಬಲ್ಲದ್ದು, ಇಂದು ಹಕ್ಕಲು, ಅಗೆದು ಕಪ್ಪು ತೆಗೆದು ಸಸಿಯಿಟ್ಟರೆ ನಾಳೆ ತೋಟ. ಕೆಲವು ಪತ್ರಗಳಲ್ಲಿ ಜಲದ ಪಕ್ಕ ‘ತರು’ ಎಂದು ಮರವನ್ನೂ ಸೇರಿಸುತ್ತಾರೆ. ಹಲಸು, ಮಾವು, ಬಗನಿ ಬೆಳೆಯುವ ನಮ್ಮ ಕಡೆ ಅದನ್ನು ಬಿಟ್ಟರೆ ಲೆಕ್ಕ ಪೂರ್ತಿಯಾಗದು.

ಕಣ್ಣಿಗೆ ಕಾಣುವುದು, ನೆಲದ ಕೆಳಗಿರುವುದು, ಈಗಿರುವುದು, ಮುಂದೆ ಬರುವುದು, ಬರಬಹುದಾದದ್ದು, ಇಷ್ಟನ್ನೂ ಎಂಟು ಪದಗಳಲ್ಲಿ ಹಿಡಿದಿಟ್ಟವರ ಜಾಣತನ ದೊಡ್ಡದು. ಇವು ‘ಭೋಗ’ಗಳು, ಎಂದರೆ ಅನುಭೋಗಗಳು. ಇವುಗಳ ಕೊನೆಗೆ ‘ತೇಜಸ್ವಾಮ್ಯ’ ಎಂದು ಸೇರಿಸಿದ್ದು ಇನ್ನೂ ದೊಡ್ಡದು. ಸ್ವಾಮ್ಯವೆಂದರೆ ಒಡೆತನ, ತೇಜಸ್ಸಿನಿಂದ ಕೂಡಿದ ಒಡೆತನ. ಅನುಭವಿಸುವುದು ಬೇರೆ, ಒಡೆಯನಾಗುವುದು ಬೇರೆ. ಗೇಣಿದಾರ ಅನುಭವಿಸುತ್ತಾನೆ, ಭೋಗ್ಯಕ್ಕೆ ಪಡೆದವನು ಅನುಭವಿಸುತ್ತಾನೆ, ಆದರೆ ಅವರು ಆ ನೆಲವನ್ನು ಮಾರಲಾರರು. ಹಾಗಾಗಿ ಪತ್ರದ ಮುಂದಿನ ಸಾಲಿನಲ್ಲಿ ‘ದಾನಾಧಿ ವಿನಿಮಯ ವಿಕ್ರಯಗಳಿಗೆ ಸಲ್ಲುವುದು’ ಎಂದು ಬರೆಯುತ್ತಿದ್ದರು. ದಾನ ಮಾಡಬಹುದು, ಆಧಿ ಎಂದರೆ ಅಡವಿಡಬಹುದು, ವಿನಿಮಯ ಮಾಡಿಕೊಳ್ಳಬಹುದು, ವಿಕ್ರಯ ಎಂದರೆ ಮಾರಬಹುದು. ಈ ನಾಲ್ಕು ಅಧಿಕಾರಗಳಿದ್ದರೆ ಸ್ವಾಮ್ಯ. ಇಲ್ಲದಿದ್ದರೆ ಬರೀ ಭೋಗ. ಭೋಗಕ್ಕೂ ಸ್ವಾಮ್ಯಕ್ಕೂ ಇರುವ ಈ ಅಂತರವನ್ನು ದಯವಿಟ್ಟು ನೆನಪಿನಲ್ಲಿಡಿ. ಹೆಣ್ಣಿನ ಆಸ್ತಿಯ ಚರಿತ್ರೆಯೆಲ್ಲ ಆ ಅಂತರದಲ್ಲೇ ಇದೆ.

ಈ ಮಾತುಗಳು ಪತ್ರಬರಹಗಾರರು ಹುಟ್ಟಿಸಿದವಲ್ಲ. ವಿಜಯನಗರದ ಅರಸರ, ಆಮೇಲೆ ಕೆಳದಿ ನಾಯಕರ ಕಾಲದ ಶಿಲಾಶಾಸನ, ತಾಮ್ರಶಾಸನಗಳಲ್ಲಿ ಇವು ಮತ್ತೆ ಮತ್ತೆ ಬರುತ್ತವೆ. ಬಿ. ಎಲ್. ರೈಸ್ ಅವರು ಆಗಿನ ಕಡೂರು ಜಿಲ್ಲೆಯ ಶಾಸನಗಳನ್ನು ಒಟ್ಟುಗೂಡಿಸಿ 1901ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟವಾಗಿ ಪ್ರಕಟಿಸಿದರು. ಕೊಪ್ಪ, ಶೃಂಗೇರಿಗಳ ಶಾಸನಗಳು ಅದರಲ್ಲಿವೆ. ಹರಿಹರ ಮತ್ತು ಅವನ ತಮ್ಮಂದಿರು 1346ರಲ್ಲಿ ಶೃಂಗೇರಿಗೆ ಬಂದು ಭಾರತೀತೀರ್ಥರಿಗೂ ಅವರ ಶಿಷ್ಯರಿಗೂ ಭೂಮಿ ಬಿಟ್ಟ ಸಂಗತಿಯನ್ನು ಹೇಳುವ ಪ್ರಸಿದ್ಧ ಶಾಸನವೂ ಅಲ್ಲಿದೆ. ವಿಜಯನಗರದ ನಂತರ ಈ ಸೀಮೆ ಕೆಳದಿಯವರ ಕೈಗೆ ಬಂತು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಹಿಡಿಯುವವರೆಗೆ ಅವರದ್ದೇ ಆಡಳಿತ. ಕೆಳದಿಯ ಶಿವಪ್ಪನಾಯಕ ಭೂಮಿಯ ತರವನ್ನು ನೋಡಿ ಕಂದಾಯ ಕಟ್ಟಿದ ಪದ್ಧತಿಗೆ ‘ಶಿಸ್ತು’ ಎಂದು ಹೆಸರು. ನಾವು ಶಾಲೆಯಲ್ಲಿ ದಿನಕ್ಕೆ ಹತ್ತು ಸಲ ಬಳಸುವ ಶಿಸ್ತು ಎಂಬ ಪದಕ್ಕೆ ಹೀಗೊಂದು ಕಂದಾಯದ ಅರ್ಥವೂ ಇತ್ತೆಂದರೆ ಮಕ್ಕಳು ಬೆರಗಾಗುತ್ತಾರೆ.

ಅಷ್ಟಭೋಗದ ಸಾಲಿನ ಆಸುಪಾಸಿನಲ್ಲೇ ಹಳೆಯ ಕ್ರಯಶಾಸನಗಳಲ್ಲಿ ಇನ್ನೊಂದು ಮಾತು ಬರುತ್ತದೆ: ‘ಸ್ತ್ರೀ ಪುತ್ರ ಜ್ಞಾತಿ ಸಾಮಂತ ದಾಯಾದಾನುಮತಿ ಪುರಸ್ಸರವಾಗಿ.’ ಹೆಂಡತಿ, ಮಕ್ಕಳು, ಕುಲದವರು, ನೆರೆಹೊರೆಯ ಜಮೀನಿನವರು, ಪಾಲುದಾರರು, ಇವರೆಲ್ಲರ ಒಪ್ಪಿಗೆ ಪಡೆದು ಮಾರಿದ್ದೇನೆ ಎಂದು ಇದರ ಅರ್ಥ. ಆ ಸಾಲಿನ ಮೊದಲ ಪದ ಸ್ತ್ರೀ. ಒಪ್ಪಿಗೆ ಕೇಳಬೇಕಾದವರ ಪಟ್ಟಿಯಲ್ಲಿ ಹೆಣ್ಣಿಗೆ ಮೊದಲ ಸ್ಥಾನವಿತ್ತು. ನಿಜಕ್ಕೂ ಕೇಳುತ್ತಿದ್ದರೋ, ಬರೆದು ಬಿಡುತ್ತಿದ್ದರೋ, ಕಲ್ಲು ಹೇಳುವುದಿಲ್ಲ.

ಈ ಒಪ್ಪಿಗೆ ಏಕೆ ಬೇಕು ಎಂಬುದನ್ನು ನಮ್ಮ ನಾಡಿನವನೇ ಆದ ವಿಜ್ಞಾನೇಶ್ವರ ವಿವರಿಸಿದ್ದಾನೆ. ಈಗ ಬೀದರ ಜಿಲ್ಲೆಯಲ್ಲಿರುವ ಬಸವಕಲ್ಯಾಣ ಅಂದು ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯ ಅಲ್ಲಿ 1076ರಿಂದ 1126ರವರೆಗೆ ಆಳಿದ. ಅವನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ‘ಮಿತಾಕ್ಷರಾ’. ಬಂಗಾಳದ ಕಡೆಯನ್ನು ಬಿಟ್ಟರೆ ಭಾರತದ ಹಿಂದೂಗಳ ಆಸ್ತಿ ಹಕ್ಕನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಕನ್ನಡನಾಡಿನಲ್ಲಿ ಹುಟ್ಟಿದ ಈ ಗ್ರಂಥ. ಭೂಮಿ ಕೈ ಬದಲಾಗುವಾಗ ಊರವರು, ಜ್ಞಾತಿಗಳು, ನೆರೆಯವರು, ದಾಯಾದಿಗಳು ಒಪ್ಪಬೇಕು ಮತ್ತು ಚಿನ್ನ, ನೀರಿನೊಡನೆ ಕೊಡಬೇಕು ಎಂಬ ಹಳೆಯ ವಿಧಿಯನ್ನು ಅವನು ಎತ್ತಿಕೊಂಡು ಕಾರಣ ಹೇಳುತ್ತಾನೆ. ಊರವರ ಒಪ್ಪಿಗೆ ವ್ಯವಹಾರ ಎಲ್ಲರಿಗೂ ಗೊತ್ತಾಗಲಿ ಎಂದು. ನೆರೆಯವರದ್ದು ಮುಂದೆ ಗಡಿಯ ತಕರಾರು ಬಾರದಿರಲಿ ಎಂದು. ದಾಯಾದಿಗಳದ್ದು, ಪಾಲಾಗಿದೆಯೋ ಇಲ್ಲವೋ ಎಂಬ ಸಂಶಯ ಮುಂದೆ ಏಳದಿರಲಿ ಎಂದು. ಒಂಬೈನೂರು ವರ್ಷಗಳ ಹಿಂದಿನ ಈ ಮಾತು ಇಂದಿನ ವಕೀಲರ ಮಾತಿನಂತೆಯೇ ಇದೆ. ಈಗ ಜಮೀನು ಕೊಳ್ಳುವವರು, ಸಾಲ ಕೊಡುವ ಬ್ಯಾಂಕಿನವರು ವಂಶವೃಕ್ಷ ತನ್ನಿ, ಹೆಣ್ಣುಮಕ್ಕಳ ರುಜು ಹಾಕಿಸಿ ಎನ್ನುತ್ತಾರಲ್ಲ, ಅದೂ ಇದೇ ಕಾರಣಕ್ಕೆ.

ಚಿನ್ನ, ನೀರು ಏಕೆ? ಭೂಮಿಯನ್ನು ಮಾರುವುದು ನಿಷಿದ್ಧ, ದಾನ ಮಾಡುವುದು ಶ್ರೇಷ್ಠ ಎಂಬ ಭಾವನೆಯಿತ್ತು. ಆದ್ದರಿಂದ ಮಾರುವಾಗಲೂ ದಾನದ ರೂಪ ಕೊಟ್ಟು, ಹಣದ ಜೊತೆಗೆ ನೀರು ಬಿಟ್ಟು, ‘ಸಹಿರಣ್ಯೋದಕ ದಾನ ಧಾರಾಪೂರ್ವಕವಾಗಿ’ ಕೊಡುತ್ತಿದ್ದರು. ಧಾರೆ ಎರೆದ ಮೇಲೆ ನೆಲ ಕೊಟ್ಟವನದಲ್ಲ. ನಮ್ಮ ಮದುವೆಗಳಲ್ಲಿ ಮಗಳನ್ನು ಕೊಡುವುದೂ ಧಾರೆ ಎರೆದೇ. ನೆಲಕ್ಕೂ ಮಗಳಿಗೂ ಒಂದೇ ವಿಧಿ, ಒಂದೇ ಶಬ್ದ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆಯ ಹಿಂದೆ ಇರುವುದೂ ಈ ಧಾರೆಯ ನೀರೇ. ಭೂಮಿ ಹೋದರೆ ಮರಳಿ ಬರುವುದಿಲ್ಲ ಸರಿ, ಅದಕ್ಕೆ ಕಣ್ಣಿಲ್ಲ, ಬಾಯಿಲ್ಲ. ಮಗಳಿಗೆ ಎರಡೂ ಇವೆ ಎಂಬುದು ಶಾಸ್ತ್ರದವರಿಗೆ ನೆನಪಾಗಲು ಬಹಳ ಕಾಲ ಹಿಡಿಯಿತು.

ಹಾಗೆಂದು ನಮ್ಮ ಸೀಮೆಯಲ್ಲಿ ನೆಲ ಕೊಟ್ಟ ಹೆಂಗಸರೇ ಇರಲಿಲ್ಲವೆಂದಲ್ಲ. ಭದ್ರೆಯ ದಂಡೆಯ ಕಳಸದಲ್ಲಿ 13ನೆಯ ಶತಮಾನದಲ್ಲಿ ಜಾಕಲ ಮಹಾದೇವಿ, ಕಾಳಲ ಮಹಾದೇವಿ ಎಂಬ ಇಬ್ಬರು ರಾಣಿಯರು ಆಳಿದರೆಂದು ಅಲ್ಲಿನ ಶಾಸನಗಳಿಂದ ತಿಳಿಯುತ್ತದೆ. ಕೆಳದಿಯಲ್ಲಿ 17ನೆಯ ಶತಮಾನದ ಕೊನೆಗೆ ಚೆನ್ನಮ್ಮಾಜಿ, 18ನೆಯ ಶತಮಾನದಲ್ಲಿ ವೀರಮ್ಮಾಜಿ ರಾಜ್ಯಭಾರ ಮಾಡಿದರು. ಘಟ್ಟ ಇಳಿದರೆ ತುಳುನಾಡಿನಲ್ಲಿ ಹಲವು ಸಮುದಾಯಗಳಿಗೆ ಅಳಿಯಸಂತಾನ ಕಟ್ಟು. ಅಲ್ಲಿ ಆಸ್ತಿ ನಡೆಯುವುದು ಹೆಣ್ಣಿನ ಬಳಿಯಲ್ಲಿ. ಆಗುಂಬೆ ಘಾಟಿಯ ಮೇಲೊಂದು, ಕೆಳಗೊಂದು ನ್ಯಾಯ. ಆದರೆ ಘಟ್ಟದ ಮೇಲಿನ ಸಾಮಾನ್ಯ ಗೃಹಸ್ಥರ ಪತ್ರಗಳಲ್ಲಿ ಕೊಳ್ಳುವವನಿಗೆ ಹೇಳಿದ ಮಾತು ‘ಪುತ್ರ ಪೌತ್ರ ಪಾರಂಪರ್ಯವಾಗಿ, ಆಚಂದ್ರಾರ್ಕಸ್ಥಾಯಿಯಾಗಿ ಅನುಭವಿಸಿಕೊಂಡು ಬರುವುದು’ ಎಂದೇ. ಮಗ, ಮೊಮ್ಮಗ, ಸೂರ್ಯ, ಚಂದ್ರ ಎಲ್ಲರೂ ಇದ್ದಾರೆ. ಮಗಳಿಲ್ಲ.

ಮಿತಾಕ್ಷರದ ಪ್ರಕಾರ ಗಂಡುಮಗುವಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು. ಹೆಣ್ಣಿನ ಸ್ತ್ರೀಧನದ ವ್ಯಾಪ್ತಿಯನ್ನು ವಿಜ್ಞಾನೇಶ್ವರ ಉದಾರವಾಗಿಯೇ ಹಿಗ್ಗಿಸಿ ಹೇಳಿದ್ದ. ಉತ್ತರಾಧಿಕಾರದಿಂದ ಬಂದದ್ದನ್ನೂ ಅದರಲ್ಲಿ ಸೇರಿಸಿದ್ದ. ಬ್ರಿಟಿಷರ ಕಾಲದ ನ್ಯಾಯಾಲಯಗಳು ಅದನ್ನು ಒಪ್ಪಲಿಲ್ಲ. ಗಂಡನ ಆಸ್ತಿ ವಿಧವೆಗೆ ಬಂದರೂ ಅದು ಅವಳ ಜೀವಮಾನದವರೆಗೆ ಮಾತ್ರ. ಅನುಭವಿಸಬಹುದು, ತಕ್ಕ ಕಾರಣವಿಲ್ಲದೆ ಮಾರುವಂತಿಲ್ಲ, ದಾನ ಕೊಡುವಂತಿಲ್ಲ. ಅವಳ ನಂತರ ಗಂಡನ ಕಡೆಯ ವಾರಸುದಾರರಿಗೆ. ಹಳೆಯ ಪತ್ರದ ಭಾಷೆಯಲ್ಲಿ ಹೇಳುವುದಾದರೆ ಎಂಟೂ ಭೋಗಗಳಿದ್ದವು, ತೇಜಸ್ವಾಮ್ಯವೊಂದಿರಲಿಲ್ಲ. ನಮ್ಮ ಬಂಧುಗಳಲ್ಲಿ ಇಂಥ ಒಬ್ಬ ಹಿರಿಯಾಕೆ ಇದ್ದರು. ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ನಲವತ್ತು ವರ್ಷ ತೋಟ ನೋಡಿದರು. ಯಾವ ಮರಕ್ಕೆ ಕೊಳೆ ಬಂತು, ಯಾವ ಕಪ್ಪಿನಲ್ಲಿ ನೀರು ನಿಂತಿತು ಎಂಬುದು ಅವರಿಗೆ ಕಣ್ಣು ಮುಚ್ಚಿದರೂ ಗೊತ್ತು. ‘ತೋಟ ಯಾರದ್ದು?’ ಎಂದು ಯಾರಾದರೂ ಕೇಳಿದರೆ ಮಾತ್ರ ‘ಮನೆಯದ್ದು’ ಎನ್ನುತ್ತಿದ್ದರು. ‘ನನ್ನದು’ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಲೇ ಇಲ್ಲ.

ಕಾನೂನು ಬದಲಾಗಿದ್ದು ನಿಧಾನವಾಗಿ. ಇದರಲ್ಲಿ ಹಳೆಯ ಮೈಸೂರು ಸಂಸ್ಥಾನಕ್ಕೆ ಹೆಮ್ಮೆಪಡುವ ಪಾಲಿದೆ. 1933ರಲ್ಲಿಯೇ ಇಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ಬಂದು, ಪಾಲಾಗುವಾಗ ತಾಯಿ, ವಿಧವೆ, ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲು ಸಿಗುವಂತಾಯಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯ ಹಕ್ಕಿನ ಕಾಯ್ದೆ ಬಂದದ್ದು ಆಮೇಲೆ, 1937ರಲ್ಲಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೆಣ್ಣಿನ ಸೀಮಿತ ಹಕ್ಕನ್ನು ಸಂಪೂರ್ಣ ಹಕ್ಕಾಗಿ ಮಾಡಿತು. ಅಂದು ಆಕೆಗೆ ಸ್ವಾಮ್ಯ ಸಿಕ್ಕಿತು. ಆದರೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳದ್ದೇ ಆಗಿ ಉಳಿಯಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಮಲೆನಾಡಿನ ಎಷ್ಟೋ ಗೇಣಿ ಒಕ್ಕಲುಗಳನ್ನು ಒಡೆಯರನ್ನಾಗಿ ಮಾಡಿತು. ಭೋಗವಿದ್ದವನಿಗೆ ಸ್ವಾಮ್ಯವೂ ಬಂತು. ಅಂದಿನ ಘೋಷಣೆ ‘ಉಳುವವನೇ ಹೊಲದೊಡೆಯ’ ಎಂದು; ನಾಟಿ ಮಾಡಿದವಳು, ಕಳೆ ಕಿತ್ತವಳು ಆ ಪದದೊಳಗೆ ಇರಲಿಲ್ಲ.

1994ರ ಜುಲೈ 30ರಂದು ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದು ಮಗಳೂ ಮಗನಂತೆ ಹುಟ್ಟಿನಿಂದಲೇ ಸಹಭಾಗಿಯಾದಳು, ಆದರೆ ಅದಕ್ಕೆ ಮೊದಲು ಮದುವೆಯಾಗಿದ್ದವರನ್ನು ಹೊರಗಿಟ್ಟರು. ಒಂದೇ ತಾಯಿಯ ಇಬ್ಬರು ಹೆಣ್ಣುಮಕ್ಕಳಲ್ಲಿ ಜೂನ್‌ನಲ್ಲಿ ಧಾರೆಯಾದವಳಿಗೆ ಇಲ್ಲ, ಆಗಸ್ಟ್‌ನಲ್ಲಿ ಧಾರೆಯಾದವಳಿಗೆ ಇದೆ! 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಅಂದು ತಂದೆ ಬದುಕಿರಬೇಕೇ ಬೇಡವೇ ಎಂಬ ಚರ್ಚೆ ಮತ್ತೆ ಹದಿನೈದು ವರ್ಷ ನಡೆಯಿತು. ಬೇಕಿಲ್ಲ, ಹಕ್ಕು ಹುಟ್ಟಿನಿಂದ ಬಂದದ್ದು ಎಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಾಯಿತ ಪತ್ರದಿಂದ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಆಗಿ ಹೋದ ಪಾಲುಗಳನ್ನು ಮಾತ್ರ ಕೆದಕುವಂತಿಲ್ಲ.

ಇತ್ತ ಅಷ್ಟಭೋಗಗಳೂ ಮೊದಲಿನಂತೆ ಉಳಿದಿಲ್ಲ. ನಿಧಿ ಸಿಕ್ಕರೆ ಅಧಿಕಾರಿಗಳಿಗೆ ತಿಳಿಸಲೇಬೇಕು. ಬ್ರಿಟಿಷರ 1878ರ ಕಾಯ್ದೆಯಾದ ಮೇಲೆ ನಮ್ಮ ರಾಜ್ಯದ್ದೇ 1962ರ ಕಾಯ್ದೆಯೂ ಇದೆ. ಹೊಳೆ ಹಳ್ಳಗಳು ಸರ್ಕಾರದವು. ಕಲ್ಲು ಒಡೆದು ಮಾರಲು ಪರವಾನಗಿ ಬೇಕು. ನೆಲದಡಿಯ ಖನಿಜ ಯಾರದ್ದೆಂಬ ಪ್ರಶ್ನೆ ಕೇರಳದ ಮಲಬಾರಿನ ಜಮೀನುಗಳ ಬಗ್ಗೆ ಎದ್ದಾಗ, ಕಾನೂನು ಕಿತ್ತುಕೊಳ್ಳದಿದ್ದರೆ ಅದು ನೆಲದ ಒಡೆಯನದ್ದೇ ಎಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿದ್ದುಂಟು. ಶ್ರೀಗಂಧವಂತೂ ಯಾರ ಹಿತ್ತಲಲ್ಲಿ ಹುಟ್ಟಿದರೂ ಸರ್ಕಾರದ್ದಾಗಿತ್ತು. 2001ರ ತಿದ್ದುಪಡಿಯ ಮೇಲೆ ಅದು ಜಮೀನಿನವರದಾಯಿತು. ಸೊಪ್ಪಿನಬೆಟ್ಟದಲ್ಲಿ ತೋಟದವನಿಗೆ ಇರುವುದು ಸೊಪ್ಪು ತರುವ ಸವಲತ್ತೇ ಹೊರತು ಒಡೆತನವಲ್ಲ. ಹೀಗೆ ಎಂಟರಲ್ಲಿ ಕೆಲವು ಸವೆದರೂ ಪತ್ರಬರಹಗಾರ ಸಾಲನ್ನು ಬಿಡಲಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯೂ ಬೇರೆ ಮಾತಿನಲ್ಲಿ ಅದನ್ನೇ ಹೇಳುತ್ತದೆ: ಬೇರೆ ಉದ್ದೇಶ ಕಾಣದಿದ್ದರೆ, ಸ್ವತ್ತನ್ನು ಕೊಟ್ಟಾಗ ಕೊಡುವವನಿಗಿದ್ದ ಎಲ್ಲ ಹಿತ, ಮುಂದಿನ ಹುಟ್ಟುವಳಿ, ನೆಲಕ್ಕೆ ಅಂಟಿದ ವಸ್ತುಗಳು ಎಲ್ಲವೂ ಹೋಗುತ್ತವೆ.

ಈಗ ಈ ಹಳೆಯ ಸಾಲು ಹೆಂಗಸರ ಮುಂದೆ ಹೆಚ್ಚಾಗಿ ಬಂದು ನಿಲ್ಲುವುದು ಕ್ರಯಪತ್ರದಲ್ಲಿ ಅಲ್ಲ, ಹಕ್ಕು ಬಿಡುಗಡೆ ಪತ್ರದಲ್ಲಿ. ಮಗಳಿಗೆ ಕಾನೂನು ಹಕ್ಕು ಕೊಟ್ಟ ಮೇಲೆ ಅವಳ ರುಜು ಇಲ್ಲದೆ ಅಣ್ಣತಮ್ಮಂದಿರಿಗೆ ಸಾಲ ಹುಟ್ಟುವುದಿಲ್ಲ, ಮಾರಾಟ ಆಗುವುದಿಲ್ಲ. ಆದ್ದರಿಂದ ಹಬ್ಬಕ್ಕೋ ದೇವರ ಕಾರ್ಯಕ್ಕೋ ತವರಿಗೆ ಬಂದವಳನ್ನು ‘ಒಂದು ಸಹಿ ಇದೆ’ ಎಂದು ಉಪನೋಂದಣಾಧಿಕಾರಿಗಳ ಕಚೇರಿಗೆ ಕರೆದೊಯ್ಯುತ್ತಾರೆ. ಪರಿಚಯದ ಒಬ್ಬಾಕೆ ಅಂಥ ಪತ್ರದ ನಕಲನ್ನು ಮುಂಚಿತವಾಗಿ ನನ್ನಲ್ಲಿಗೆ ತಂದು, ‘ನೀವು ಕನ್ನಡ ಪಾಠ ಮಾಡುವವರು, ಇದನ್ನು ಓದಿ ಹೇಳಿ’ ಎಂದರು. ಸ್ವತ್ತಿನಲ್ಲಿ ಹಾಲಿ ಇರುವ ಮತ್ತು ಮುಂದೆ ಉಂಟಾಗಬಹುದಾದ ಸಕಲ ಹಕ್ಕು ಬಾಧ್ಯತೆಗಳನ್ನು, ಅರಿಶಿನ ಕುಂಕುಮದ ಬಾಬ್ತು ಇಷ್ಟು ಹಣ ಪಡೆದು, ಯಾರ ಒತ್ತಾಯವೂ ಇಲ್ಲದೆ ಬಿಟ್ಟುಕೊಟ್ಟಿದ್ದೇನೆ ಎಂದಿತ್ತು. ಕೊನೆಗೆ ಜಲ, ತರು, ನಿಧಿ, ನಿಕ್ಷೇಪ ಎಲ್ಲವೂ ಇದ್ದವು. ನಾನು ಶಾಲೆಯಲ್ಲಿ ಪದ್ಯದ ಅರ್ಥ ಹೇಳುವಂತೆ ಒಂದೊಂದೇ ಪದವನ್ನು ಬಿಡಿಸಿ ಹೇಳಿದೆ. ಆಗಾಮಿ ಎಂದರೆ ನಾಳೆಯದ್ದು, ಸಾಧ್ಯ ಎಂದರೆ ನಿಮ್ಮ ಮಗಳು ಬಯಸಬಹುದಾದದ್ದು ಕೂಡ ಎಂದಾಗ ಆಕೆ ಬಹಳ ಹೊತ್ತು ಮಾತಾಡಲಿಲ್ಲ. ‘ಅಣ್ಣ ಕೆಟ್ಟವನಲ್ಲ’ ಎಂದರು. ಕೆಟ್ಟವನೆಂದು ನಾನೂ ಹೇಳಲಿಲ್ಲ. ಅಂದು ಅವರು ಸಹಿಗೆ ಹೋಗಲಿಲ್ಲ. ತಿಂಗಳು ಕಳೆದು, ಅಣ್ಣನೊಡನೆ ಕೂತು ಮಾತಾಡಿ, ಹಳ್ಳದ ಬದಿಯ ಇಪ್ಪತ್ತು ಗುಂಟೆಯನ್ನು ತಮ್ಮ ಹೆಸರಿಗೆ ಇಟ್ಟುಕೊಂಡು ಉಳಿದದ್ದನ್ನು ಸಂತೋಷದಿಂದ ಬಿಟ್ಟುಕೊಟ್ಟರು. ತವರಿನ ಬಾಗಿಲು ಮುಚ್ಚಲಿಲ್ಲ.

ಬಿಟ್ಟುಕೊಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ವಯಸ್ಸಾದ ತಂದೆತಾಯಿಯನ್ನು ನೋಡಿಕೊಂಡ ತಮ್ಮನಿಗೆ ಪ್ರೀತಿಯಿಂದ ಬಿಟ್ಟವರಿದ್ದಾರೆ. ಅದು ದಾನ, ದಾನಕ್ಕೂ ಸ್ವಾಮ್ಯ ಬೇಕು. ಆದರೆ ತನ್ನದೆಂದು ತಿಳಿಯದೆ ಬಿಟ್ಟದ್ದು ದಾನವಾಗುವುದಿಲ್ಲ. ಪತ್ರದ ನಕಲನ್ನು ಮೊದಲೇ ಕೇಳಿ ಪಡೆಯಿರಿ. ಯಾವ ಸರ್ವೆ ನಂಬರು, ಎಷ್ಟು ಎಕರೆ ಗುಂಟೆ ಎಂದು ಪಹಣಿಯೊಡನೆ ತಾಳೆ ನೋಡಿ. ಅದು ಪಿತ್ರಾರ್ಜಿತವೋ ತಂದೆಯ ಸ್ವಯಾರ್ಜಿತವೋ ವಿಚಾರಿಸಿ. ತಂದೆ ಬದುಕಿರುವಾಗ ಅವರ ಸ್ವಯಾರ್ಜಿತದಲ್ಲಿ ಮುಂದೆ ಬರಬಹುದೆಂಬ ಪಾಲು ಬರೀ ನಿರೀಕ್ಷೆ, ಅದನ್ನು ವರ್ಗಾಯಿಸಲಾಗದು ಎಂದು 1882ರ ಕಾಯ್ದೆಯೇ ಹೇಳುತ್ತದೆ. ಆದರೂ ಹಣ ಪಡೆದು ಬರೆದುಕೊಟ್ಟರೆ ಆಮೇಲೆ ತೊಡಕಾಗಬಹುದು. ಆದ್ದರಿಂದ ಬೇರೆಯವರ ವಕೀಲರಲ್ಲ, ನಿಮ್ಮದೇ ವಕೀಲರೊಬ್ಬರಿಗೆ ತೋರಿಸಿ. ಸಹಿ ಹಾಕಿದ ಮೇಲೆ ಒಂದು ಪ್ರತಿಯನ್ನು ನಿಮ್ಮ ಪೆಟ್ಟಿಗೆಯಲ್ಲಿಡಿ.

ನಾನು ಈಗ ಒಂಬತ್ತನೆಯ ತರಗತಿಯ ಮಕ್ಕಳಿಗೆ ವಿಜಯನಗರದ ಪಾಠ ಮಾಡುವಾಗ ಅರಸರ ಪಟ್ಟಿಯ ಜೊತೆಗೆ ಈ ಎಂಟು ಪದಗಳನ್ನೂ ಹಲಗೆಯ ಮೇಲೆ ಬರೆಯುತ್ತೇನೆ. ಪರೀಕ್ಷೆಗೆ ಇದು ಬರುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಗಂಡುಮಕ್ಕಳು ನಿಧಿಯ ಬಗ್ಗೆ ಕೇಳುತ್ತಾರೆ. ಯಾವ ಗುಡ್ಡದಲ್ಲಿದೆ, ಹಾವು ಕಾಯುತ್ತದೆಯೇ ಎಂದು. ಹೋದ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಪುತ್ರ ಪೌತ್ರ ಅಂದರೆ ನಾವೂ ಬರ್ತೀವಾ ಟೀಚರ್?’ ಎಂದು ಕೇಳಿದಳು. ಪದದಲ್ಲಿ ಬರುವುದಿಲ್ಲ, ಕಾನೂನಿನಲ್ಲಿ ಬರುತ್ತೀರಿ ಎಂದೆ. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.